ನಿನ್ನ ಹಬ್ಬಕ್ಕೆ ನಾನು, ನನ್ನ ಹಬ್ಬಕ್ಕೆ ನೀನು

೩ನೇ ತಾರೀಕು, ಸೋಮವಾರ

ಚಪ್ಪಲಿ ಬಿಚ್ಚಿ ನೋಡಿದರೆ ಪಾದಗಳು ಇನ್ಯಾರದೋ ಎನ್ನುವ ಹಾಗೆ ಊದಿಕೊಂಡಿವೆ. ಅತ್ತೆ ನೋಡಿ, "ಬಿಸಿನೀರಲ್ಲಿ ಇಡು, ಇಲ್ಲಾಂದ್ರೆ ನಾಳೆ ನಿನ್ನನ್ನೇ ಆ ವಾರ್ಡಲ್ಲಿ ಮಲಗಿಸ್ತಾರೆ" ಎಂದರು. ಎಂಬತ್ತು ದಾಟಿದ ಹೆಂಗಸು ನನಗಿಂತ ಚೆನ್ನಾಗಿ ಓಡಾಡುತ್ತಾರೆ. ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ವಾರ್ಡಿಗೆ ಇನ್ನಿಬ್ಬರು ಬಂದರು. ಇಬ್ಬರೂ ಹಾಸಿಗೆ ಹಿಡಿದವರು. ನಮ್ಮದು ಮುದುಕರ ವಾರ್ಡು, ಇಲ್ಲಿಂದ ನಡೆದುಕೊಂಡು ಮನೆಗೆ ಹೋಗುವವರು ಕಡಿಮೆ. ಬೆನ್ನು ಹುಣ್ಣಾಗದಂತೆ ಅವರನ್ನು ಆಗಾಗ ಮಗ್ಗುಲು ತಿರುಗಿಸುತ್ತಲೇ ಇರಬೇಕು, ಮತ್ತೆ ಅದು ಒಬ್ಬರಿಂದ ಆಗುವ ಕೆಲಸವಲ್ಲ. ಆ ಕಡೆಯವಳು ಮೈಕೆಳಗೆ ಹಾಸಿದ ಬಟ್ಟೆ ಹಿಡಿದು ಎಳೆಯಬೇಕು, ಈ ಕಡೆಯವಳು ಹೆಗಲಿಗೂ ಸೊಂಟಕ್ಕೂ ಕೈಕೊಟ್ಟು ನೂಕಬೇಕು. ಆ ಕಡೆ ಬುಗುರಿ, ಈ ಕಡೆ ನಾನು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿ, ಒಂದೇ ವಾರ್ಡಿನಲ್ಲಿ ಮುದುಕಿಯರಾಗುತ್ತಿದ್ದೇವೆ. ನಿಂತಲ್ಲಿ ನಿಲ್ಲದವಳಾದ್ದರಿಂದ ಅವಳಿಗೆ ಬುಗುರಿ ಎಂದು ಹೆಸರು ಬಿದ್ದಿತ್ತು. ಮೊನ್ನೆ ಮೊನ್ನೆ ಗಂಡ ತೀರಿಕೊಂಡ ಮೇಲೆ ಅವಳ ಓಡಾಟ ಇನ್ನೂ ಜಾಸ್ತಿಯಾಗಿದೆ. ನಿಂತರೆ ಬಿದ್ದೇ ಹೋಗುತ್ತೇನೆ ಅಂದುಕೊಂಡಿದ್ದಾಳೋ ಏನೋ.

ಇವತ್ತು, ಕಿವಿಗೆ ಬಿದ್ದದ್ದನ್ನೆಲ್ಲ ಸಾರುವ ನಮ್ಮ ರೇಡಿಯೋ ಅಜ್ಜನನ್ನು ತಿರುಗಿಸುತ್ತಿದ್ದಾಗ ಬುಗುರಿ ಇದ್ದಕ್ಕಿದ್ದ ಹಾಗೆ, "ಹಬ್ಬದ ದಿನ ನಮ್ಮನೆಗೆ ಬಾರೇ" ಎಂದಳು.

"ಡ್ಯೂಟಿ ಇರುತ್ತಲ್ಲೇ" ಎಂದೆ. ಯೋಚನೆಯನ್ನೂ ಮಾಡಲಿಲ್ಲ, ಬಾಯಿಗೆ ತಾನೇ ಬಂತು. ನಿನ್ನ ಹಬ್ಬಕ್ಕೆ ನಾನು, ನನ್ನ ಹಬ್ಬಕ್ಕೆ ನೀನು ಎನ್ನುವುದು ನಮ್ಮ ಮೊದಲ ವರ್ಷದ ಒಪ್ಪಂದ. ಅವಳ ಹಬ್ಬದ ಡ್ಯೂಟಿ ನಾನು ಮಾಡುತ್ತೇನೆ, ನಮ್ಮ ಹಬ್ಬದ ಡ್ಯೂಟಿ ಅವಳು. ದೊಡ್ಡ ಸಿಸ್ಟರ್ ನಮ್ಮಿಬ್ಬರನ್ನು ಕೇಳುವುದೂ ಇಲ್ಲ, ಹಾಗೇ ಹೆಸರು ಹಾಕುತ್ತಾರೆ.

"ಈ ಸಲ ನಿನ್ನ ಹಾಕ್ಬೇಡಿ ಅಂತ ದೊಡ್ಡ ಸಿಸ್ಟರ್‌ಗೆ ಹೇಳಿಬಿಟ್ಟಿದ್ದೀನಿ" ಎಂದಳು ಬುಗುರಿ. "ಅವರಿಲ್ಲದ ಮೊದಲನೇ ಹಬ್ಬ. ಆ ಮನೇಲಿ ಒಬ್ಬಳೇ ಹೆಂಗೆ ಕೂರ್ಲಿ? ನೀನು ಬಾ."

ನಾನು ಅಜ್ಜನ ಸೊಂಟಕ್ಕೆ ಕೈಕೊಟ್ಟು ನೂಕಿದೆ. "ನೋಡೋಣ" ಎಂದೆ.

ಅಜ್ಜ ಮಲಗಿದಲ್ಲಿಂದಲೇ ಇಡೀ ವಾರ್ಡಿಗೆ ಕೇಳುವಂತೆ ಸುದ್ದಿ ಬಿತ್ತರಿಸಿದ: "ಸಿಸ್ಟರ್‌ಗೆ ಹಬ್ಬದ ರಜ ಅಂತೆ! ನಮ್ಮ ಗತಿ ಗೋವಿಂದ!"

೫, ಬುಧವಾರ

ಇಷ್ಟು ವರ್ಷ ಈ ತಲೆನೋವೇ ಇರಲಿಲ್ಲ. ಬೇರೆಯವರ ಹಬ್ಬಕ್ಕೆ ಹೋಗಬಹುದೇ ಹೋಗಬಾರದೇ ಎಂದು ನಮ್ಮ ಮನೆಯವರು ಮಾತಾಡುವಾಗ ನಾನು ಯೂನಿಫಾರ್ಮ್ ಹಾಕಿಕೊಂಡು ಹೊರಡುತ್ತಿದ್ದೆ. ಕರೆದವರಿಗೆ ಬೇಜಾರಿಲ್ಲ, ಮನೆಯವರಿಗೂ ಬೇಜಾರಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಈಗ ಬುಗುರಿ ನನ್ನ ಕೈಯಿಂದ ಕೋಲನ್ನೇ ಕಿತ್ತುಕೊಂಡಿದ್ದಾಳೆ.

ಗಂಡನಿಗೆ ಹೇಳಿದೆ. "ನಿನ್ನಿಷ್ಟ" ಎಂದರು. ಮದುವೆಯಾದಾಗಿನಿಂದ ಈ ಮನುಷ್ಯ ನನಗೆ ಕೊಟ್ಟ ಸಲಹೆಗಳನ್ನೆಲ್ಲ ಒಟ್ಟು ಸೇರಿಸಿದರೆ ಈ ಒಂದು ಮಾತಾಗುತ್ತದೆ.

ಸೊಂಟ ನೋವು. ಇಷ್ಟೇ.

೯, ಭಾನುವಾರ

ಮೈದುನ ಊಟಕ್ಕೆ ಬಂದಿದ್ದ. ಗಂಡ ಸುಮ್ಮನಿರಲಾರದೆ ವಿಷಯ ಎತ್ತಿದರು. ತಾವು ತೀರ್ಮಾನ ಮಾಡುವುದಿಲ್ಲ, ತೀರ್ಮಾನ ಮಾಡುವವರ ಬಾಯಿಗೆ ಮಾತ್ರ ನನ್ನನ್ನು ಹಾಕುತ್ತಾರೆ.

"ಅತ್ತಿಗೆ, ಅವರ ಕಷ್ಟಕ್ಕೆ ಹೋಗಿ, ಸಾವಿಗೆ ಹೋಗಿ, ನಾನೇ ಕರ್ಕೊಂಡು ಹೋಗ್ತೀನಿ" ಎಂದ ಮೈದುನ. "ಹಬ್ಬ ಅಂದ್ರೆ ಬೇರೆ. ಹಬ್ಬ ಅಂದ್ರೆ ಅವರ ನಂಬಿಕೆ. ಇವತ್ತು ಊಟ ಅಂತೀರಾ, ನಾಳೆ ಪ್ರಾರ್ಥನೆಗೆ ಜೊತೇಲಿ ನಿಂತ್ಕೊಳ್ಳಿ ಅಂತಾರೆ, ಆಗ ಇಲ್ಲ ಅನ್ನೋಕಾಗುತ್ತಾ? ಎಲ್ಲಾದ್ರಲ್ಲೂ ಸೇರ್ಕೊಂಡು ಸೇರ್ಕೊಂಡು ಕೊನೆಗೆ ನಮ್ಮದು ಅಂತ ಏನು ಉಳಿಯುತ್ತೆ ಹೇಳಿ?"

ಅವನ ಮೇಲೆ ಸಿಟ್ಟು ಬಂತು, ನಿಜ. ಆದರೆ ಅವನು ಹೇಳಿದ್ದು ಪೂರ್ತಿ ಸುಳ್ಳು ಎಂದು ಬರೆದರೆ ನಾನೇ ಸುಳ್ಳಿಯಾಗುತ್ತೇನೆ. ನನಗೂ ಒಳಗೆ ಅಳುಕಿದೆ. ಅದು ಮೈದುನನ ಭಯವಲ್ಲ, ಮೇಲಿರುವವನ ಭಯ. ಐದು ಹೊತ್ತಿನ ನಮಾಜೇ ನನಗೆ ದಿನದಲ್ಲಿ ಸಿಗುವ ರಜೆ. ಔಷಧದ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿ ಹಣೆ ನೆಲಕ್ಕೆ ತಾಗಿಸಿದಾಗ ಮಾತ್ರ ಈ ಸೊಂಟ ಸುಮ್ಮನಿರುತ್ತದೆ. ಅಲ್ಲಿ ಅವನ ಮುಂದೆ ನಿಂತು ನಾಚಿ ತಲೆತಗ್ಗಿಸಬೇಕಾದ ಕೆಲಸವನ್ನು ನಾನು ಮಾಡಲಾರೆ.

ಅತ್ತೆ ಮಾತ್ರ ಕಿರಿಮಗನಿಗೆ, "ನೀನು ಮೊದಲು ನಮ್ಮ ಹಬ್ಬದ ನಮಾಜಿಗೆ ಹೊತ್ತಿಗೆ ಸರಿಯಾಗಿ ಎದ್ದೇಳು, ಆಮೇಲೆ ಅವಳಿಗೆ ಹೇಳುವೆಯಂತೆ" ಎಂದು ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

೧೨, ಬುಧವಾರ

ಮಧ್ಯಾಹ್ನದ ಡ್ಯೂಟಿ ಮುಗಿಸಿ ಮಸೀದಿಯ ಹಜರತ್ತರ ಮನೆಗೆ ಹೋದೆ. ಅವರ ಹೆಂಡತಿ ಒಳಗೆ ಕೂರಿಸಿ ಚಹಾ ಕೊಟ್ಟಳು. ಹಜರತ್ತರಿಗೆ ಮಂಡಿನೋವು. ಮೊದಲು ಅವರ ಮಂಡಿ ನೋಡಿ, ಯಾವ ಮುಲಾಮು ಹಚ್ಚಬೇಕೆಂದು ಹೇಳಿ, ಆಮೇಲೆ ನನ್ನ ಪ್ರಶ್ನೆಗೆ ಬರಬೇಕಾಯಿತು.

ಅವರು ಬಹಳ ಹೊತ್ತು ಗಡ್ಡ ಸವರಿದರು. "ಪ್ರಾರ್ಥನೆಗೆ ಕೂರಬೇಡಮ್ಮ. ಅವರ ದೇವರ ಮುಂದೆ ಇಟ್ಟಿದ್ದನ್ನ ತಿನ್ನಬೇಡ. ಗಂಡ ಸತ್ತೋಳ ಮನೆಗೆ ಹೋಗಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ" ಎಂದರು. ನನಗೆ ಅರ್ಧ ಜೀವ ಬಂತು. ಅಷ್ಟರಲ್ಲಿ, "ಆದ್ರೆ ಹಬ್ಬದ ದಿನಾನೇ ಯಾಕೆ? ಮಾರನೇ ದಿನ ಹೋಗು. ನಿನ್ನ ಮನಸ್ಸಿಗೂ ನಿರಾಳ, ನೋಡೋರ ಬಾಯಿಗೂ ಬೀಗ" ಎಂದರು.

ಎಷ್ಟು ಸುಲಭ! ನನಗೇ ಹೊಳೆದಿರಲಿಲ್ಲವಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ದಾರಿಯಲ್ಲಿ ಕಾಲುನೋವೂ ಇರಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದರೆ, "ಹೂಂ, ಮಳೆ ನಿಂತ ಮೇಲೆ ಕೊಡೆ ಕೊಟ್ಟ ಹಾಗೆ" ಎಂದರು. ಈ ಮುದುಕಿಯ ನಾಲಿಗೆಗೆ ಯಾವ ಔಷಧವೂ ಇಲ್ಲ.

೧೪, ಶುಕ್ರವಾರ

ಹೇಳಿದೆ. ಹೇಳಬಾರದಿತ್ತು.

ಕಿಟಕಿ ಪಕ್ಕದ ಅಜ್ಜಿಯ ಹಾಸಿಗೆ ಬದಲಿಸುತ್ತಿದ್ದೆವು. "ಹಬ್ಬದ ಮಾರನೇ ದಿನ ಬರ್ತೀನಿ ಕಣೇ, ಇಡೀ ದಿನ ಇರ್ತೀನಿ, ರಾತ್ರಿನೂ ಬೇಕಾದ್ರೆ ಉಳ್ಕೋತೀನಿ" ಎಂದೆ. ಮಾತಿಗೆ ಸಕ್ಕರೆ ಹಾಕಿ ಹಾಕಿ ಹೇಳುತ್ತಿದ್ದೆ, ನನಗೇ ಗೊತ್ತಾಗುತ್ತಿತ್ತು.

ಬುಗುರಿ ಬಟ್ಟೆಯ ಮೂಲೆಯನ್ನು ಹಾಸಿಗೆಯ ಕೆಳಗೆ ತುರುಕುತ್ತಾ, ತಲೆ ಎತ್ತದೆ, "ಮಾರನೇ ದಿನ ಯಾರು ಬೇಕಾದ್ರೂ ಬರ್ತಾರೆ" ಎಂದಳು.

"ಹಾಗಲ್ಲವೇ..."

"ಇರಲಿ ಬಿಡು. ನಿನಗೂ ನಿನ್ನ ತಾಪತ್ರಯ ಇರುತ್ತೆ. ನನಗೆ ಅರ್ಥ ಆಗಲ್ವಾ?"

ಬೈದಿದ್ದರೆ ಚೆನ್ನಾಗಿತ್ತು. ಅರ್ಥವಾಗುತ್ತದೆ ಎಂದುಬಿಟ್ಟಳು. ಆಮೇಲೆ ಇಡೀ ದಿನ ತಿರುಗುತ್ತಲೇ ಇದ್ದಳು, ನಾನು ಇದ್ದ ಕಡೆ ಮಾತ್ರ ನಿಲ್ಲಲಿಲ್ಲ. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗಲೂ ಹೊಸ ನರ್ಸ್ ಪಕ್ಕ ಹೋಗಿ ಕೂತಳು. ನನಗೆ ಅಳು ಬಂತು. ಈ ವಯಸ್ಸಿನಲ್ಲಿ, ಶಾಲೆ ಹುಡುಗಿಯ ಹಾಗೆ, ಪಕ್ಕದಲ್ಲಿ ಕೂರಲಿಲ್ಲ ಎಂದು.

೧೮, ಮಂಗಳವಾರ

ಜ್ವರ. ಎರಡು ದಿನದಿಂದ ಮಲಗಿದ್ದೇನೆ. ಅವಳಿಂದ ಫೋನಿಲ್ಲ. ಹಿಂದೆಲ್ಲ ನಾನು ಒಂದು ಸಲ ಸೀನಿದರೂ ಫೋನ್ ಮಾಡಿ, "ಸತ್ತಿಲ್ಲ ತಾನೆ?" ಎಂದು ಕೇಳುತ್ತಿದ್ದಳು.

೧೯, ಬುಧವಾರ

ಮಲಗಿದಲ್ಲೇ ಅವಳ ಗಂಡನ ನೆನಪಾಯಿತು. ಅವನು ನಿಧಾನಸ್ಥ, ಇವಳ ತದ್ವಿರುದ್ಧ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಜೋಡಿ, ಆದರೂ ಗಾಡಿ ಓಡುತ್ತಿತ್ತು. ಮಕ್ಕಳಿರಲಿಲ್ಲ. ನಮ್ಮ ಹಬ್ಬದ ದಿನ ಅವಳು ನನ್ನ ಪಾಳಿ ಮಾಡುವಾಗ ಅವನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಪೇಪರ್ ಓದುತ್ತಾ ಅವಳಿಗಾಗಿ ಕಾಯುತ್ತಿದ್ದನಂತೆ. ನಾನು ಮನೆಯಲ್ಲಿ ಹೊಸ ಬಟ್ಟೆ ಹಾಕಿಕೊಂಡು ನೆಂಟರಿಗೆ ಬಡಿಸುತ್ತಿದ್ದ ಹೊತ್ತಿನಲ್ಲಿ ಇವರಿಬ್ಬರೂ ಅಲ್ಲಿ. ಇದನ್ನು ಒಮ್ಮೆಯೂ ಕೂತು ಯೋಚಿಸಿರಲಿಲ್ಲ.

ಯೋಚನೆ ಮಾಡಿದರೆ ಜ್ವರ ಏರುತ್ತದೆಯೇನೋ. ಏರಿತು.

೨೨, ಶನಿವಾರ

ಮತ್ತೆ ಕೆಲಸ. ಬುಗುರಿ ಮಾತಾಡುತ್ತಾಳೆ, ಆದರೆ ಬರೀ ವಾರ್ಡಿನ ಮಾತು. ಮೂರನೇ ಮಂಚಕ್ಕೆ ಔಷಧ ಕೊಟ್ಯಾ? ಆ ಅಜ್ಜಿ ಉಚ್ಚೆ ಹುಯ್ಕೊಂಡಿದ್ದಾರೆ, ಬಾ. ಇಂಥವೇ.

ಇವತ್ತು ಮಧ್ಯಾಹ್ನ ಮೈದುನ ಫೋನಿನಲ್ಲಿ ಧ್ವನಿಸಂದೇಶ ಕಳಿಸಿದ್ದಾನೆ. ಯಾರೋ ಬೋಧಕರದು, ಬೇರೆಯವರ ಹಬ್ಬದ ಬಗ್ಗೆ. ಉದ್ದವಾಗಿತ್ತು. ಔಷಧದ ಕೋಣೆಯಲ್ಲಿ ನಿಂತು ಪೂರ್ತಿ ಕೇಳಿದೆ. ಒಳ್ಳೆಯ ಮಾತುಗಳೂ ಇದ್ದವು. ಆದರೆ ಆ ಮನುಷ್ಯನಿಗೆ ಬುಗುರಿ ಗೊತ್ತಿಲ್ಲ. ನನ್ನ ಎರಡನೇ ಬಾಣಂತನದಲ್ಲಿ ರಕ್ತ ನಿಲ್ಲದೆ ಹೋದಾಗ ಅವಳು ತನ್ನ ತೋಳು ಚಾಚಿ ಮಲಗಿದ್ದು ಗೊತ್ತಿಲ್ಲ. ನನ್ನ ಮೈಯಲ್ಲಿ ಹರಿಯುವುದರಲ್ಲಿ ಅವಳದೂ ಸ್ವಲ್ಪ ಇದೆ ಎಂದರೆ ಏನನ್ನುತ್ತಾನೋ.

ಮೈದುನನಿಗೆ, "ಕೇಳಿದೆ. ಮುಲಾಮು ಹಚ್ಚಿ ಅಂತ ಹಜರತ್ತರಿಗೆ ನೆನಪು ಮಾಡು" ಎಂದು ಉತ್ತರ ಕೊಟ್ಟೆ.

೨೩, ಭಾನುವಾರ

ನಾಳೆ ಹಬ್ಬ. ಬೀದಿಯ ಅಂಗಡಿಗಳಲ್ಲಿ ನೂಕುನುಗ್ಗಲು. ನನಗೆ ರಜೆ ಇದೆ. ನಾಳೆ ಹೋಗುತ್ತೇನೆ. ಪ್ರಾರ್ಥನೆಯ ಹೊತ್ತು ಮುಗಿಸಿಕೊಂಡು ಹೋಗುತ್ತೇನೆ, ಊಟ ಮಾಡುತ್ತೇನೆ, ಏನಾದರೂ ಮುಂದಿಟ್ಟರೆ ಇದು ನನಗೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುತ್ತೇನೆ. ಅವಳಿಗೆ ಅರ್ಥವಾಗುತ್ತದೆ.

ಅವಳಿಗೆ ಮೊದಲೇ ಫೋನ್ ಮಾಡಿ ಹೇಳೋಣವೆಂದು ಎರಡು ಸಲ ಕೈಗೆ ತೆಗೆದುಕೊಂಡೆ. ಬೇಡ ಎನಿಸಿತು. ಹೇಳಿ, ಬೆಳಗ್ಗೆ ಎದ್ದು ಮನಸ್ಸು ಬದಲಾದರೆ? ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಹೋಗಿ ನಿಂತುಬಿಟ್ಟರೆ ಆಯಿತು.

೨೪, ಸೋಮವಾರ

ಬಾಗಿಲಲ್ಲಿ ಒಂದು ಕಾಲು ಹೊರಗೆ, ಒಂದು ಒಳಗೆ ಇಟ್ಟು ನಿಂತಿದ್ದೆ. ಅತ್ತೆ, "ಹೋಗೋದಾದ್ರೆ ಹೋಗು, ಇಲ್ಲಾಂದ್ರೆ ಬಾಗಿಲು ಹಾಕು, ಸೊಳ್ಳೆ ಬರ್ತವೆ" ಎಂದರು. ಹೋದೆ.

ಬುಗುರಿಯ ಮನೆ ಮೂರನೇ ಮಹಡಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನೋಡಿದರೆ ಬೀಗ. ಬೇರೆ ಮನೆಗಳಿಂದ ನಗು, ಪಾತ್ರೆಯ ಸದ್ದು, ಮಕ್ಕಳ ಗಲಾಟೆ. ಈ ಒಂದು ಬಾಗಿಲು ಮಾತ್ರ ಸುಮ್ಮನೆ. ಪಕ್ಕದ ಮನೆಯಾಕೆ ಹೊರಗೆ ಬಂದು, "ಅವರು ಬೆಳಗ್ಗೇನೇ ಯೂನಿಫಾರ್ಮ್ ಹಾಕ್ಕೊಂಡು ಹೋದ್ರಲ್ಲ. ಹಬ್ಬದ ದಿನಾನೂ ಡ್ಯೂಟಿನಾ ಅಂದ್ರೆ, ಹೂಂ ಅಂದ್ರು" ಎಂದಳು.

ಇಷ್ಟು ವರ್ಷದಲ್ಲಿ ಒಮ್ಮೆಯೂ ತನ್ನ ಹಬ್ಬದ ದಿನ ಅವಳು ಕೆಲಸ ಮಾಡಿದ್ದಿಲ್ಲ. ಮಾಡಲು ನಾನು ಬಿಟ್ಟಿದ್ದಿಲ್ಲ.

ಆಸ್ಪತ್ರೆಗೆ ನಡೆದೇ ಹೋದೆ. ವಾರ್ಡು ಖಾಲಿ ಖಾಲಿ. ಅರ್ಧ ಜನ ರಜೆ. ಆಯಾ ಬಟ್ಟೆ ತರಲು ಕೆಳಗೆ ಹೋಗಿದ್ದಳಂತೆ. ಬುಗುರಿ ಒಬ್ಬಳೇ ರೇಡಿಯೋ ಅಜ್ಜನ ಮಂಚದ ಆ ಕಡೆ ನಿಂತು, ಅವನನ್ನು ತಿರುಗಿಸಲು ಒದ್ದಾಡುತ್ತಿದ್ದಳು. ಕೂದಲು ಬೆವರಿಗೆ ಹಣೆಗೆ ಅಂಟಿಕೊಂಡಿತ್ತು. ನಾನು ಈ ಕಡೆ ಹೋಗಿ ಅಜ್ಜನ ಹೆಗಲಿಗೆ, ಸೊಂಟಕ್ಕೆ ಕೈಕೊಟ್ಟೆ. ಅವಳು ತಲೆ ಎತ್ತದೆ, ಆಯಾ ಬಂದಳೆಂದು ತಿಳಿದು, "ಒಂದು, ಎರಡು, ಮೂರು" ಎಂದಳು. ಅಜ್ಜ ಹಗುರವಾಗಿ ತಿರುಗಿದ. ಆಗ ನೋಡಿದಳು.

"ನೀನ್ಯಾಕೆ ಬಂದೆ? ನಿನಗೆ ರಜ ಅಲ್ವಾ?"

"ನಿನ್ನ ಮನೆಗೆ ಹೋಗಿದ್ದೆ. ಬೀಗ ಇತ್ತು."

ಅವಳ ಮುಖ ಕೆಂಪಾಯಿತು. "ಬರ್ತೀನಿ ಅಂತ ಒಂದ್ ಮಾತು ಹೇಳೋಕೆ ನಿನಗೇನಾಗಿತ್ತೇ ಧಾಡಿ? ನೋಡೋಣ ಅಂತೆ, ಮಾರನೇ ದಿನ ಅಂತೆ! ಒಬ್ಬಳೇ ಆ ಗೋಡೆ ನೋಡ್ಕೊಂಡು ಕೂರಬೇಕಲ್ಲ ಅಂತ ಹೆದರಿ, ಹೊಸ ಹುಡುಗೀನ ಮನೆಗೆ ಕಳಿಸಿ ನಾನು ಬಂದೆ. ಗೊತ್ತಾ ನಿನಗೆ?"

ಬಾಯಿಗೆ ಬಂದದ್ದು ಹಳೆಯ ಮಾತೇ. "ಈಗ ನೀನು ಹೋಗು, ನಾನು ಮಾಡ್ತೀನಿ ನಿನ್ನ ಡ್ಯೂಟಿ."

"ಎಲ್ಲಿಗೆ ಹೋಗ್ಲಿ?" ಎಂದಳು.

ನಿಜ, ಎಲ್ಲಿಗೆ ಹೋಗುತ್ತಾಳೆ? ನಾನು ಇಷ್ಟು ವರ್ಷ ಅವಳಿಗೆ ಕೊಡುತ್ತಿದ್ದದ್ದು ಗಂಡನ ಜೊತೆ ಒಂದು ದಿನ. ಈಗ ಅದೇ ದಿನ ಕೊಟ್ಟರೆ ಅವಳೇನು ಮಾಡಬೇಕು? ನನಗೆ ನಾಚಿಕೆಯಾಯಿತು. ಒಂದು ಏಪ್ರನ್ ಹುಡುಕಿ ಕಟ್ಟಿಕೊಂಡೆ. ಇಬ್ಬರೂ ಸೇರಿ ಸಾಲಾಗಿ ಎಲ್ಲರನ್ನೂ ತಿರುಗಿಸಿದೆವು, ಒರೆಸಿದೆವು, ಉಣಿಸಿದೆವು. ಅಜ್ಜ, "ಇವತ್ತು ಎರಡೆರಡು ಸಿಸ್ಟರ್! ನಮಗೇ ಹಬ್ಬ!" ಎಂದು ಸಾರಿದ. ಬುಗುರಿ ನಕ್ಕಳು. ನಗುತ್ತಲೇ ಕಣ್ಣೀರು ಒರೆಸಿಕೊಂಡಳು. ನಾನು ನೋಡದವಳ ಹಾಗೆ ಇರಲಿಲ್ಲ, ಹತ್ತಿರ ಹೋಗಿ ಅವಳ ಭುಜ ಹಿಡಿದುಕೊಂಡೆ.

ಪಾಳಿ ಮುಗಿದ ಮೇಲೆ ಅವಳ ಜೊತೆ ಅವಳ ಮನೆಗೆ ಹೋದೆ. ಬೀಗಕ್ಕೆ ಕೀಲಿ ಹಾಕಿ ಅವಳು ತಿರುಗಿಸದೆ ನಿಂತಳು. ನಾನು ತಿರುಗಿಸಿದೆ. ಹಬ್ಬದ ಅಡುಗೆ ಏನೂ ಇರಲಿಲ್ಲ. ಮೊಟ್ಟೆ ಬೇಯಿಸಿದಳು, ಅನ್ನ ಇಟ್ಟಳು. ಒಳಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಅವಳ ಪ್ರಾರ್ಥನೆ ಅವಳು ಮಾಡಿಕೊಂಡಳು. ನಾನು ಆ ಹೊತ್ತಿಗೆ ಅಡುಗೆಮನೆಯಲ್ಲಿ ಅವಳ ಹಳೆಯ ಸೀರೆಯೊಂದನ್ನು ಹಾಸಿಕೊಂಡು ನನ್ನ ನಮಾಜು ಮಾಡಿದೆ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನಾನು ಎಷ್ಟು ದಿನದಿಂದ ಹೆದರಿದ್ದೆನೋ ಅದು ಇಷ್ಟೇ ಆಗಿತ್ತು.

ಉಣ್ಣುವಾಗ ಅವಳ ಗಂಡನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದಳು. ಅನ್ನ ಕಲಸುತ್ತಾ ಕಲಸುತ್ತಾ ಕೇಳಿದಳು, ಜಗಳದ ಧ್ವನಿಯಲ್ಲಲ್ಲ, ಸುಮ್ಮನೆ: "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ನಮ್ಮ ಹಬ್ಬಕ್ಕೆ ಬರೋಕೆ ಇಷ್ಟು ಯೋಚನೆ ಮಾಡಿದೆ, ಸರಿ. ನಿನ್ನ ಹಬ್ಬಕ್ಕೆ ನನ್ನನ್ನ ಯಾಕೆ ಒಂದು ದಿನಾನೂ ಕರೀಲಿಲ್ಲ?"

"ನಿನಗೆ ಡ್ಯೂಟಿ ಇರ್ತಿತ್ತಲ್ಲ" ಎಂದೆ.

ಆ ಡ್ಯೂಟಿ ಯಾರದು ಎಂದು ಇಬ್ಬರಿಗೂ ಗೊತ್ತಿತ್ತು. ತಿಂಗಳಿಡೀ ಗಂಡನನ್ನು, ಮೈದುನನನ್ನು, ಹಜರತ್ತರನ್ನು, ಮೇಲಿನವನನ್ನು ಕೇಳಿದೆ, ಅವಳ ಬಾಗಿಲು ದಾಟಲೇ ಎಂದು. ನನ್ನ ಬಾಗಿಲಿಗೆ ಅವಳನ್ನು ಕರೆಯಬೇಡ ಎಂದು ಇವರಲ್ಲಿ ಒಬ್ಬರಾದರೂ ಹೇಳಿದ್ದರೇ? ಯಾರೂ ಹೇಳಿರಲಿಲ್ಲ. ನಾನೇ ಕರೆದಿರಲಿಲ್ಲ. ಕರೆದರೆ ನನ್ನ ಡ್ಯೂಟಿ ಮಾಡುವವರು ಯಾರು ಎಂದು.

ಬಾ ಎಂದು ಅಲ್ಲೇ ಹೇಳಬಹುದಿತ್ತು. ಕೇಳಿದ್ದಕ್ಕೆ ಹೇಳಿದ ಹಾಗಾಗುತ್ತದೆ ಎಂದು ಸುಮ್ಮನಾದೆ. ತಟ್ಟೆ ತೊಳೆದಿಟ್ಟು ಬಂದೆ.

೨೫, ಮಂಗಳವಾರ

ಹೇಳಿದೆ. ರೇಡಿಯೋ ಅಜ್ಜನ ಮಂಚದ ಬಳಿ, ಅವಳು ಆ ಕಡೆ, ನಾನು ಈ ಕಡೆ. "ನಮ್ಮ ಹಬ್ಬಕ್ಕೆ ಬರಬೇಕು ನೀನು. ಬೆಳಗ್ಗೆಯಿಂದಲೇ. ಅತ್ತೆನೂ ಹೇಳಿದ್ದಾರೆ" ಎಂದೆ. ಅತ್ತೆಗೆ ನಾನಿನ್ನೂ ಹೇಳಿಯೇ ಇಲ್ಲ.

ಅಳುತ್ತಾಳೇನೋ ಅಂದುಕೊಂಡಿದ್ದೆ. ಅವಳು ಬಟ್ಟೆಯ ಅಂಚು ಹಿಡಿದು ನಿಂತು, ಡ್ಯೂಟಿ ಮುಖ ಮಾಡಿಕೊಂಡು ಕೇಳಿದಳು: "ನಾನೂ ಬಂದು, ನೀನೂ ಮನೇಲಿದ್ರೆ, ವಾರ್ಡಿಗೆ ಯಾರು?"

ಇಷ್ಟು ವರ್ಷ ಇಬ್ಬರೂ ಕೇಳಿಕೊಳ್ಳದೆ ಉಳಿದ ಪ್ರಶ್ನೆ. ಬುಗುರಿ ಒಂದು ಗಳಿಗೆ ಎಲ್ಲ ಮಂಚಗಳ ಕಡೆ ನೋಡಿದಳು.

"ಯಾರಾದ್ರೂ ಮಾಡ್ಲಿ ಬಿಡೇ" ಎಂದಳು.